ಮುಂಬೈಯಲ್ಲಿ ಹಳೇ ಕೈಮಿಷನ್ ಸಂಗ್ರಹ: ಹುಡುಕುವುದರಿಂದ ಹೊಲಿಯುವವರೆಗೆ

ಕೈಯಲ್ಲಿ ಹಿಡಿ ತಿರುಗಿಸಿ ಹೊಲಿಯುವ ಹಳೇ ಮಿಷನ್ ಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಹೊಲಿಯುವಂಥದ್ದನ್ನೇ ಕೊಳ್ಳಿ. ಚಿನ್ನದ ಬಣ್ಣದ ಚಿತ್ತಾರ ಅರ್ಧ ಅಳಿಸಿಹೋಗಿದ್ದರೂ ಪರವಾಗಿಲ್ಲ. ಒಳಗಿನ ಭಾಗಗಳು ಪೂರ್ತಿ ಇರಬೇಕು, ಚಕ್ರ ತಿರುಗಬೇಕು. ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ತಯಾರಾದ ಸಿಂಗರ್‌ಗೆ ಇವತ್ತು ದಾದರಿನ ಅಂಗಡಿಯ ಸೂಜಿ ಹಾಕಿ ರವಿಕೆ ಹೊಲಿಯಬಹುದು. ಅಷ್ಟು ಗಟ್ಟಿ ಯಂತ್ರವನ್ನು ಬಣ್ಣ ಬಳಿದು ಷೋಕೇಸಿನಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ಮುಂಬೈ ಈ ಹವ್ಯಾಸಕ್ಕೆ ಒಳ್ಳೆಯ ಊರು. ಹಳೇ ಸಾಮಾನಿನ ದೊಡ್ಡ ಪೇಟೆ ಇದೆ. ರಿಪೇರಿ ಬಲ್ಲ ಮಿಸ್ತ್ರಿಗಳು ಇನ್ನೂ ಇದ್ದಾರೆ. ಇಲ್ಲಿನ ನಮ್ಮ ಕನ್ನಡದವರ ಮನೆಗಳಲ್ಲೇ ಎಷ್ಟೋ ಮಿಷನ್‌ಗಳು ಅಟ್ಟದ ಮೇಲೆ ಕೂತಿವೆ. ತೊಂದರೆ ಎರಡು: ಮನೆ ಚಿಕ್ಕದು, ಮಳೆಗಾಲ ದೊಡ್ಡದು.

ಯಾವುದು ಯಾವ ಮಿಷನ್ ಅಂತ ತಿಳಿಯುವುದು

ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1851ರಲ್ಲಿ. ನಮ್ಮ ಕಡೆ ಸಿಗುವ ಹಳೇ ಸಿಂಗರ್‌ಗಳಲ್ಲಿ ಹೆಚ್ಚಿನವು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಿಲ್ಬೋವಿ ಕಾರ್ಖಾನೆಯವು. 1880ರ ದಶಕದಲ್ಲಿ ಶುರುವಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಮಾಡೆಲ್ ನಂಬರಿನ ಜೊತೆ 'ಕೆ' ಅಕ್ಷರ ಇದ್ದರೆ, ಅಂದರೆ 15ಕೆ, 99ಕೆ, 201ಕೆ ಅಂತಿದ್ದರೆ, ಅದು ಅಲ್ಲಿಯದೇ.

ಮಾಡೆಲ್ ಗುರುತಿಸಲು ಸುಲಭದ ದಾರಿ ಬಾಬಿನ್, ಅಂದರೆ ಕೆಳಗಿನ ದಾರ ಸುತ್ತಿಡುವ ಉರುಳೆ, ನೋಡುವುದು. ಸೂಜಿ ಇಳಿಯುವ ಜಾಗದ ಪಕ್ಕದ ತಗಡನ್ನು ಸರಿಸಿ ನೋಡಿ. ಒಳಗೆ ಬಂದೂಕಿನ ಗುಂಡಿನ ಆಕಾರದ ಉದ್ದನೆ ಉಕ್ಕಿನ ಶಟಲ್, ಅದರೊಳಗೆ ಕಡ್ಡಿಯಂಥ ತೆಳ್ಳಗಿನ ಬಾಬಿನ್ ಇದ್ದರೆ ಅದು 27, 28 ಅಥವಾ 127, 128. ಚಕ್ರ ತಿರುಗಿಸಿದಾಗ ಈ ಶಟಲ್ ಕಮಾನಿನ ದಾರಿಯಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ನೋಡುವುದೇ ಒಂದು ಸಂತೋಷ. ದುಂಡನೆ ಬಾಬಿನ್ ಮೇಲಿನಿಂದ ಗುಳಿಯೊಳಗೆ ಕೂರುತ್ತಿದ್ದರೆ 66, ಅದರದೇ ಚಿಕ್ಕ ಗಾತ್ರದ್ದು 99. ದುಂಡನೆ ಬಾಬಿನ್ ಕೇಸಿನ ಸಮೇತ ಎಡಬದಿಯಲ್ಲಿ ನೆಟ್ಟಗೆ ನಿಂತಿದ್ದರೆ 15ರ ಜಾತಿ.

ಈ 15ರ ಜಾತಿಯೇ ನಮ್ಮ ದೇಶದ ಮನೆ ಮನೆಯಲ್ಲಿ ಇರುವುದು. ಕಲ್ಕತ್ತಾದ ಜಯ್ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಶುರು ಮಾಡಿದ ಉಷಾ ಕಪ್ಪು ಮಿಷನ್, ಲೂಧಿಯಾನದಲ್ಲಿ ತಯಾರಾದ ರೀಟಾ, ಇನ್ನೂ ಎಷ್ಟೋ ಹೆಸರಿನವು ಇದೇ ಮಾದರಿಯವು. ಹಾಗಾಗಿ ಒಂದರ ಬಾಬಿನ್ ಕೇಸ್ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುತ್ತದೆ. ಹೊಸಬರಿಗೆ ನನ್ನ ಸಲಹೆ: ಮೊದಲ ಮಿಷನ್ ಈ ಜಾತಿಯದ್ದಾಗಿರಲಿ, ಎರಡನೆಯದು ಉದ್ದ ಶಟಲ್‌ನದ್ದು. ಹಳೇ ಉಷಾವನ್ನು ಕೀಳಾಗಿ ನೋಡುವ ಸಂಗ್ರಾಹಕರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಈ ದೇಶದ ಹೊಲಿಗೆಯ ಚರಿತ್ರೆ ಅದರಲ್ಲಿದೆ.

ಹುಡುಕುತ್ತಾ ಹೋದರೆ ಬೇರೆ ಕಂಪನಿಯವೂ ಎದುರಾಗಬಹುದು. ಜರ್ಮನಿಯ ಫಾಫ್, ಡ್ರೆಸ್ಡೆನ್ನಿನ ನೌಮಾನ್, ಇಂಗ್ಲೆಂಡಿನ ಜೋನ್ಸ್. ಇವುಗಳ ಶಟಲ್ ಒಂದೊಂದೂ ಒಂದೊಂದು ಅಳತೆ. ಶಟಲ್ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಇನ್ನು ಪಿಟೀಲಿನ ಆಕಾರದ ತಳ ಇರುವ ಸಿಂಗರ್ 12, 1865ರಲ್ಲಿ ಬಂದ ಮಾದರಿ. ಬಹಳ ಚೆಂದ. ಆದರೆ ಅದಕ್ಕೆ ಈಗಿನ ಮಾಮೂಲಿ ಸೂಜಿ ಆಗುವುದಿಲ್ಲ. ಕೊಳ್ಳುವ ಮೊದಲು ಅದರ ಸೂಜಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿರಲಿ.

ಎಲ್ಲಿ ಹುಡುಕುವುದು

ಎಲ್ಲರೂ ಹೇಳುವ ಹೆಸರು ಚೋರ್ ಬಜಾರ್. ಭೇಂಡಿ ಬಜಾರಿನ ಹತ್ತಿರ ಮಟನ್ ಸ್ಟ್ರೀಟ್, ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಬಹುದು. ಅಲ್ಲಿನ ಹಳೇ ಸಾಮಾನಿನ ಅಂಗಡಿಗಳಿಗೆ ಶುಕ್ರವಾರ ರಜೆ. ಅವತ್ತು ಬೆಳಗಿನ ಜಾವ ರಸ್ತೆ ಮೇಲೆ ಬೇರೆಯೇ ಸಂತೆ ನಡೆಯುತ್ತದೆ. ಅಂಗಡಿಯಲ್ಲಿ ಬೆಲೆ ಜಾಸ್ತಿ, ಆದರೆ ನಿಧಾನವಾಗಿ ನೋಡಲು ಬಿಡುತ್ತಾರೆ. ರಸ್ತೆ ಸಂತೆಯಲ್ಲಿ ಅಗ್ಗ, ಆದರೆ ಕತ್ತಲು, ಗಡಿಬಿಡಿ. ಟಾರ್ಚ್ ಬೇಕೇ ಬೇಕು. ಪುಣೆಯವರಿಗೆ ಬುಧವಾರ ಮತ್ತು ಭಾನುವಾರದ ಜುನಾ ಬಜಾರ್ ಇದೆ.

ಆದರೆ ಒಳ್ಳೆಯ ಮಿಷನ್‌ಗಳು ಪೇಟೆಗಿಂತ ಜಾಸ್ತಿ ಮನೆಗಳಲ್ಲಿವೆ. ಮಾಟುಂಗ, ವಡಾಲಾ, ಡೊಂಬಿವಲಿಯ ಹಳೇ ಕನ್ನಡ ಮನೆಗಳನ್ನು ನೆನೆದುಕೊಳ್ಳಿ. ಅಮ್ಮ, ಅಜ್ಜಿ ಹೊಲಿದ ಮಿಷನ್ ಹಾಸಿಗೆಯ ಕೆಳಗೆ ಇರುತ್ತದೆ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವಾಗ ಅದು ಗುಜರಿಯವನ ಗಾಡಿ ಹತ್ತುತ್ತದೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ, ಮದುವೆ ಮನೆಯಲ್ಲಿ, ಸುಮ್ನೆ ಒಂದು ಮಾತು ಹಾಕಿಡಿ: "ಅಮ್ಮಾ, ನಿಮ್ಮಲ್ಲಿ ಹಳೇ ಕೈಮಿಷನ್ ಇದೆಯಾ? ಕೊಡುವುದಾದರೆ ನನಗೆ ಹೇಳಿ, ನಾನು ಅದನ್ನು ಇಟ್ಟುಕೊಂಡು ಹೊಲಿಯುತ್ತೇನೆ." ಹೊಲಿಯುತ್ತೇನೆ ಅನ್ನುವ ಮಾತಿಗೆ ಎಷ್ಟೋ ಮನೆಗಳ ಬಾಗಿಲು ತೆರೆಯುತ್ತದೆ.

ಮನೆಯಿಂದ ಕೊಂಡರೆ ಪೆಟ್ಟಿಗೆಯ ಸಮೇತ ಕೇಳಿ. ಬೀಗದ ಕೈ, ಬಾಬಿನ್ ಡಬ್ಬಿ, ಬಟ್ಟೆ ಒತ್ತಿಹಿಡಿಯುವ ಹೆಚ್ಚುವರಿ ಫೂಟ್‌ಗಳು, ಎಣ್ಣೆ ಡಬ್ಬಿ, ಪುಸ್ತಕ. ಸಿಂಗರ್ ಕಂಪನಿ ಕಂತಿನ ಮೇಲೆ ಮಿಷನ್ ಮಾರುವ ಪದ್ಧತಿಯನ್ನು 1850ರ ದಶಕದಲ್ಲೇ ಶುರು ಮಾಡಿತ್ತು. ಹಾಗಾಗಿ ಕೆಲವು ಪೆಟ್ಟಿಗೆಗಳಲ್ಲಿ ಹಳೇ ಕಂತಿನ ರಸೀದಿಯೂ ಸಿಗಬಹುದು. ಮಡಚಿದ ಒಂದು ಕಾಗದವನ್ನೂ ಎಸೆಯಬೇಡಿ. ಯಾರು ಕೊಂಡರು, ಏನು ಹೊಲಿದರು ಅಂತ ಆ ಮನೆಯ ಹಿರಿಯರನ್ನು ಕೇಳಿ ಅಲ್ಲೇ ಬರೆದುಕೊಳ್ಳಿ. ಇದೇ ಮಾತು ಪೇಟೆಯಲ್ಲಿ ಕೊಂಡ ಮಿಷನ್‌ಗೆ ಎಂದೂ ಸಿಗುವುದಿಲ್ಲ.

ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

"ಏಕ್‌ದಮ್ ಚಾಲೂ ಹೈ" ಅಂತ ಎಲ್ಲರೂ ಹೇಳುತ್ತಾರೆ. ನೀವು ನಿಧಾನ ಮಾಡಿ.

ಮೊದಲು ಬೆಡ್ಡಿನ, ಅಂದರೆ ಮಿಷನ್ನಿನ ಚಪ್ಪಟೆ ತಳದ, ನಾಲ್ಕು ಮೂಲೆ ಮತ್ತು ಅದರ ಮೇಲೆ ನಿಂತ ಕಂಬದ ಬುಡ ನೋಡಿ. ಇದು ಬೀಡು ಕಬ್ಬಿಣ, ಕೆಳಗೆ ಬಿದ್ದರೆ ಬಗ್ಗುವುದಿಲ್ಲ, ಸೀಳುತ್ತದೆ. ಕೂದಲೆಳೆಯಂಥ ಬಿರುಕು ಕಂಡರೂ ಬೇಡ. ಆಮೇಲೆ ಫೂಟ್ ಮೇಲೆತ್ತಿ. ಅದು ಕೆಳಗಿದ್ದರೆ ಬಟ್ಟೆ ತಳ್ಳುವ ಹಲ್ಲುಗಳು ಅದಕ್ಕೆ ಉಜ್ಜುತ್ತವೆ. ಈಗ ಹಿಡಿಯನ್ನು ನಿಧಾನವಾಗಿ, ನಿಮ್ಮಿಂದ ಆಚೆಗೆ ತಿರುಗಿಸಿ. ನಡುವೆ ಹಲ್ಲಿನ ಗಾಲಿ ಇರುವುದರಿಂದ ದೊಡ್ಡ ಚಕ್ರ ಮಾತ್ರ ನಿಮ್ಮ ಕಡೆಗೆ ತಿರುಗುತ್ತದೆ. ಹಿಡಿ ಒಂದು ಸುತ್ತು ಬಂದರೆ ಸೂಜಿ ಸಾಮಾನ್ಯವಾಗಿ ಮೂರು ಸಲ ಇಳಿಯುತ್ತದೆ. ಎಣಿಸಿ. ನಡುವೆ ಎಲ್ಲಾದರೂ ಹಿಡಿದಂತೆ ಆದರೆ ಬಲ ಹಾಕಬೇಡಿ, ಆ ಜಾಗ ನೆನಪಿಟ್ಟುಕೊಳ್ಳಿ. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಹಿಡಿದರೆ ಒಳಗೆ ಏನೋ ಬಗ್ಗಿದೆ, ಇಲ್ಲವೇ ದಾರ ಸಿಕ್ಕಿಕೊಂಡಿದೆ. ಎಲ್ಲ ಕಡೆ ಒಂದೇ ಸಮ ಬಿಗಿಯಾಗಿದ್ದರೆ ಹಳೇ ಎಣ್ಣೆ ಅಂಟಾಗಿದೆ ಅಷ್ಟೇ. ಎರಡನೆಯದಕ್ಕೆ ಹೆದರಬೇಡಿ. ಬೆಲೆ ಇಳಿಸಲು ಒಳ್ಳೆಯ ಕಾರಣ.

ಹಿಡಿಯ ಭಾಗವನ್ನು ಬೇರೆಯಾಗಿ ನೋಡಬೇಕು. ಅದರಿಂದ ಒಂದು ಬೆರಳಿನಂಥ ತುಂಡು ಚಾಚಿ ಚಕ್ರದ ಕಡ್ಡಿಗಳ ನಡುವೆ ಕೂತಿರುತ್ತದೆ. ಅದು ಸವೆದಿದ್ದರೆ ಹೊಲಿಯುವಾಗ ತಕತಕ ಸದ್ದು. ಕಾಲು ಮಿಷನ್ನಿಗೆ ಹೊಸ ಹಿಡಿ ಕೂರಿಸಿ ಕೈಮಿಷನ್ ಅಂತ ಮಾರುವುದೂ ಇದೆ. ಹಿಡಿಯ ಹೊಳಪು ಬೇರೆ, ಮಿಷನ್ನಿನ ಹೊಳಪು ಬೇರೆ ಕಂಡರೆ ಕೇಳಿ. ಹಾಗಿದ್ದರೂ ಕೊಳ್ಳಬಹುದು, ಹೊಲಿಗೆಗೆ ತೊಂದರೆ ಇಲ್ಲ. ಬೆಲೆ ಮಾತ್ರ ಅದಕ್ಕೆ ತಕ್ಕಂತಿರಲಿ.

ಮುಖ್ಯ ಪ್ರಶ್ನೆ: "ಶಟಲ್ ಹೈ ಕ್ಯಾ? ಬಾಬಿನ್ ಕೇಸ್ ಹೈ ಕ್ಯಾ?" ಕೈಯಲ್ಲಿ ಹಿಡಿದು ನೋಡಿ. ಶಟಲ್ಲಿನ ಮೂತಿಯ ಮೇಲೆ ಉಗುರು ಎಳೆಯಿರಿ. ಉಗುರಿಗೆ ತೊಡಕಿದರೆ ದಾರಕ್ಕೂ ತೊಡಕುತ್ತದೆ. ಸೂಜಿ ಇಳಿಯುವ ತೂತಿನ ಸುತ್ತ ಗೀರುಗಳು ತುಂಬಾ ಇದ್ದರೂ ಹಾಗೆಯೇ. ಜಾರುವ ತಗಡುಗಳು ಇವೆಯಾ? ಮೊದಲು ಕಳೆದುಹೋಗುವುದೇ ಅವು. ಬಾಬಿನ್ ಸುತ್ತುವ ಚಕ್ರದ ರಬ್ಬರ್ ಬಳೆ ಒಣಗಿ ಒಡೆದಿದ್ದರೆ ಚಿಂತೆ ಬೇಡ, ಕೆಲವು ರೂಪಾಯಿಯದ್ದು.

ಕೊನೆಗೆ ಮಿಷನ್ ಹಿಂದಕ್ಕೆ ಮಗುಚಿ ಕೆಳಭಾಗ ನೋಡಿ. ಮಗುಚುವ ಮೊದಲು ಹಿಂದಿನ ಎರಡು ಕೀಲಿನ ಸ್ಕ್ರೂ ಬಿಗಿಯಾಗಿವೆಯಾ ಅಂತ ನೋಡಿ, ಇಲ್ಲದಿದ್ದರೆ ಇಡೀ ಮಿಷನ್ ಕಾಲ ಮೇಲೆ ಬೀಳುತ್ತದೆ. ಕೆಳಗೆ ಎಣ್ಣೆ ಜಿಡ್ಡು ಇದ್ದರೆ ಒಳ್ಳೆಯದೇ, ಆ ಜಿಡ್ಡು ತುಕ್ಕನ್ನು ತಡೆದಿರುತ್ತದೆ. ಕೆಂಪು ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಮುಂದಿನ ಅಂಗಡಿಗೆ ಹೋಗಿ.

ನಕಲಿ ಬಗ್ಗೆ ಎರಡು ಮಾತು. ಸಾಧಾರಣ ಕಪ್ಪು ಮಿಷನ್ನಿಗೆ ಹೊಸ ಸಿಂಗರ್ ಚಿತ್ತಾರ ಅಂಟಿಸಿ 'ಬ್ರಿಟಿಷ್ ಕಾಲದ್ದು' ಅನ್ನುತ್ತಾರೆ. ನಿಜವಾಗಿ ಹೊಲಿದ ಮಿಷನ್ ಆಗಿದ್ದರೆ ಬೆಡ್ಡಿನ ಮುಂಭಾಗದ ಚಿತ್ತಾರ ಸವೆದಿರುತ್ತದೆ, ದಿನವೂ ಬಟ್ಟೆ ಉಜ್ಜುವುದು ಅಲ್ಲೇ. ಕಂಬದ ಹಿಂದಿನ ಚಿತ್ತಾರ ಮಾತ್ರ ಹೊಸದರಂತೆ ಇರುತ್ತದೆ. ಎಲ್ಲ ಕಡೆ ಒಂದೇ ಸಮ ಹೊಳೆಯುತ್ತಿದ್ದರೆ ಅನುಮಾನಪಡಿ. ಹಳೇ ಸಿಂಗರಿನ ಹಿತ್ತಾಳೆ ಬಿಲ್ಲೆಯ ಅಕ್ಷರಗಳು ಬೆರಳಿಗೆ ಉಬ್ಬಾಗಿ ಸಿಗುತ್ತವೆ. ಸ್ಟಿಕ್ಕರ್ ಇದ್ದರೆ ಉತ್ತರ ಸಿಕ್ಕಿತು, ಅಲ್ವಾ?

ಮರದ ಪೆಟ್ಟಿಗೆ ಸೇರಿದರೆ ಭಾರ ಜಾಸ್ತಿ. ಪೆಟ್ಟಿಗೆಯ ಮೇಲಿನ ಹಿಡಿಯನ್ನು ನಂಬಿ ಎತ್ತಬೇಡಿ, ಹಳೇ ಬೀಗ ಬಿಚ್ಚಿಕೊಂಡರೆ ಮಿಷನ್ ಕೆಳಗೆ, ಮುಚ್ಚಳ ಕೈಯಲ್ಲಿ. ತಳಕ್ಕೆ ಕೈ ಕೊಟ್ಟು ಹಿಡಿಯಿರಿ. ಲೋಕಲ್ ರೈಲಿನಲ್ಲಿ ತರುವುದಾದರೆ ಮಧ್ಯಾಹ್ನದ ಹೊತ್ತು, ಲಗೇಜ್ ಡಬ್ಬಿ.

ವಯಸ್ಸು ಕಂಡುಹಿಡಿಯುವುದು

ಸಿಂಗರ್ ಆದರೆ ಸುಲಭ. ಬೆಡ್ಡಿನ ಬಲಗಡೆ ನಂಬರ್ ಒತ್ತಿರುತ್ತಾರೆ. ಬರೀ ಅಂಕಿ ಇದ್ದರೆ ಅದು 1900ಕ್ಕಿಂತ ಹಿಂದಿನದು. ಮುಂದೆ ಒಂದು ಅಕ್ಷರ ಇದ್ದರೆ ಆಮೇಲಿನದು. ಇಂಗ್ಲಿಷಿನ 'ವೈ' ಇದ್ದರೆ 1920-30ರ ದಶಕಗಳ ಕ್ಲೈಡ್‌ಬ್ಯಾಂಕ್ ಮಿಷನ್. 'ಇ'ಯಿಂದ ಶುರುವಾಗುವ ಎರಡಕ್ಷರ ಇದ್ದರೆ 1930ರ ದಶಕದ ಮಧ್ಯದಿಂದ ಈಚಿನದು. ಪೂರ್ತಿ ಪಟ್ಟಿ ಇಸ್ಮ್ಯಾಕ್ಸ್ ಅನ್ನುವ ಅಂತರರಾಷ್ಟ್ರೀಯ ಸಂಗ್ರಾಹಕರ ಸಂಘದವರ ಬಳಿ ಇದೆ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ. ಒಂದು ನೆನಪಿಡಿ: ಆ ಪಟ್ಟಿಯಲ್ಲಿರುವ ತಾರೀಕು ಕಾರ್ಖಾನೆಗೆ ಒಂದು ಗುಂಪಿನ ನಂಬರುಗಳನ್ನು ಹಂಚಿದ ದಿನ. ನಿಮ್ಮ ಮಿಷನ್ ತಯಾರಾದದ್ದು ಅದರ ನಂತರ, ಮುಂಬೈಗೆ ಬಂದು ಮಾರಾಟವಾದದ್ದು ಇನ್ನೂ ನಂತರ. ಬಿಲ್ಲೆಯ ಸುತ್ತ ನೀಲಿ ಅಂಚಿದ್ದು '1851-1951' ಅಂತ ಬರೆದಿದ್ದರೆ ಅದು ಕಂಪನಿಯ ಶತಮಾನದ ಬಿಲ್ಲೆ.

ಮನೆಗೆ ತಂದ ಮೇಲೆ

ಮೊದಲ ದಿನ ತೊಳೆಯಬೇಡಿ, ಉಜ್ಜಬೇಡಿ. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಸೂಜಿ ತೆಗೆದಿಡಿ. ಆಮೇಲೆ ಕೆಲಸ.

ಕಪ್ಪು ಬಣ್ಣ ಮತ್ತು ಚಿನ್ನದ ಚಿತ್ತಾರದ ಮೇಲೆ ತೆಳ್ಳಗೆ ಅರಗಿನ ವಾರ್ನಿಶ್ ಇರುತ್ತದೆ. ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್‌ಗೆ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿ. ಅದೇ ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್ ನಿಮ್ಮ ಬಟ್ಟೆಯಲ್ಲಿದ್ದರೆ ಎರಡು ಉಜ್ಜಿಗೆ ಚಿತ್ತಾರ ಬಟ್ಟೆಗೆ ಬರುತ್ತದೆ. ಗಾಜು ಒರೆಸುವ ಅಮೋನಿಯಾ ದ್ರವವೂ ಬೇಡ. ಮೇಲಿನ ಪದರ ಹೋದರೆ ಚಿನ್ನದ ಬಣ್ಣ ಬೆಳ್ಳಿಯಂತೆ ಬಿಳಿಚಿಕೊಳ್ಳುತ್ತದೆ, ಅದನ್ನು ವಾಪಸ್ ತರಲು ಆಗುವುದಿಲ್ಲ. ಮೆತ್ತನೆ ಹತ್ತಿ ಬಟ್ಟೆಗೆ ಮಿಷನ್ ಎಣ್ಣೆ ಹಚ್ಚಿ, ಹಿಂಭಾಗದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಉಳಿದ ಕಡೆ ಸುತ್ತು ಸುತ್ತಾಗಿ ಒರೆಸಿ. ಬಟ್ಟೆ ಕಂದಾದಂತೆ ಬದಲಿಸಿ. ಬಟ್ಟೆಗೆ ಚಿನ್ನದ ಬಣ್ಣ ಬಂದರೆ ತಕ್ಷಣ ನಿಲ್ಲಿಸಿ. ಇದು ನಿಧಾನದ ಕೆಲಸ, ಆದರೆ ಕೊಳೆಯ ಕೆಳಗಿನಿಂದ ಸ್ಫಿಂಕ್ಸ್ ಚಿತ್ರ ಮೆಲ್ಲಗೆ ಕಾಣಿಸಿಕೊಳ್ಳುವುದನ್ನು ನೋಡುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 27, 127 ಮಾಡೆಲ್‌ಗಳ ಮೇಲೆ ಆ ಚಿತ್ತಾರ ಬರುತ್ತದೆ.

ಬಿಳಿ ಲೋಹದ ಭಾಗಗಳ ತುಕ್ಕಿಗೆ ತೀರಾ ನವಿರಾದ ಸ್ಟೀಲ್ ವುಲ್, ಜೊತೆಗೆ ಎಣ್ಣೆ. ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಅದನ್ನು ಕಪ್ಪು ಬಣ್ಣಕ್ಕೆ ಮಾತ್ರ ತಾಗಿಸಬೇಡಿ.

ಇನ್ನು ಒಳಗಿನ ಅಂಟು. ನಮ್ಮ ಮನೆಗಳಲ್ಲಿ ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಇತ್ತು. ಅದು ದಿನ ಕಳೆದಂತೆ ಧೂಳಿನ ಜೊತೆ ಸೇರಿ ಕಂದು ಬಣ್ಣದ ಬೆಲ್ಲದ ಪಾಕದಂತೆ ಹಿಡಿದುಕೊಳ್ಳುತ್ತದೆ. ಸೀಮೆಎಣ್ಣೆಯನ್ನು ಪ್ರತಿ ಎಣ್ಣೆ ತೂತಿಗೂ, ಲೋಹಕ್ಕೆ ಲೋಹ ತಾಗುವ ಪ್ರತಿ ಜಾಗಕ್ಕೂ ಎರಡು ಮೂರು ಹನಿ ಬಿಡಿ. ಕಪ್ಪು ಬಣ್ಣದ ಮೇಲೆ ಚೆಲ್ಲಿದರೆ ಒರೆಸಿ. ಒಂದು ರಾತ್ರಿ ಬಿಡಿ. ಬೆಳಗ್ಗೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ಆಡಿಸಿ. ಜಗ್ಗದಿದ್ದರೆ ಮತ್ತೆ ಹನಿ ಬಿಡಿ, ಮತ್ತೆ ಕಾಯಿರಿ. ಸುತ್ತಿಗೆ, ಉದ್ದ ಸ್ಪ್ಯಾನರ್ ಹತ್ತಿರ ಬರಬಾರದು. ಸಡಿಲವಾದ ಮೇಲೆ ಸೀಮೆಎಣ್ಣೆ ಒರೆಸಿ, ಬಿಳಿ ಮಿಷನ್ ಎಣ್ಣೆ ಹಾಕಿ ಹಿಡಿ ತಿರುಗಿಸಿ. ಸೀಮೆಎಣ್ಣೆ ತೊಳೆಯುತ್ತದೆ, ಜಾರಿಸುವುದಿಲ್ಲ. ಹಾಗಾಗಿ ಈ ಕೊನೆಯ ಎಣ್ಣೆ ತಪ್ಪಿಸುವಂತಿಲ್ಲ.

ಚಕ್ರದ ನಡುವಿನ ದುಂಡನೆ ತಿರುಪು ಬಿಚ್ಚುವಾಗ ಹುಷಾರು. ಬಾಬಿನ್ ಸುತ್ತುವಾಗ ಸೂಜಿ ನಿಲ್ಲಿಸಲು ಸಡಿಲಿಸುತ್ತೇವಲ್ಲ, ಅದೇ. ಅದರ ಮೇಲಿನ ಪುಟ್ಟ ಸ್ಕ್ರೂ ಮೊದಲು ಸಡಿಲಿಸಬೇಕು. ತಿರುಪು ಬಂದ ಮೇಲೆ ಒಳಗೆ ಕಿವಿಗಳಿರುವ ಒಂದು ವಾಷರ್ ಕಾಣುತ್ತದೆ. ಯಾವ ಮುಖ ಹೊರಗಿತ್ತು ಅಂತ ಫೋಟೋ ತೆಗೆದಿಡಿ. ವಾಪಸ್ ಕೂರಿಸಿದ ಮೇಲೆ ತಿರುಪು ಬಿಗಿಯಾಗದೆ ಹೋದರೆ, ಅಥವಾ ಸಡಿಲಿಸಲು ಬರದಿದ್ದರೆ, ವಾಷರನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಎಷ್ಟೋ ಮಿಷನ್‌ಗಳು 'ಕೆಟ್ಟಿದೆ' ಅಂತ ಮೂಲೆ ಸೇರಿರುವುದು ಈ ಅರ್ಧ ಸುತ್ತಿನ ಕಾರಣಕ್ಕೆ.

ಮೊದಲ ಹೊಲಿಗೆ

27, 66, 99, 15 ಎಲ್ಲಕ್ಕೂ ಈಗಿನ ಮನೆ ಮಿಷನ್ನಿನ ಸೂಜಿ ಆಗುತ್ತದೆ, ಬುಡದಲ್ಲಿ ಒಂದು ಕಡೆ ಚಪ್ಪಟೆ ಇರುವಂಥದ್ದು. ಮಾಮೂಲಿ ಹತ್ತಿ ಬಟ್ಟೆಗೆ 14 ಅಥವಾ 16 ನಂಬರ್. ಕಾರ್ಖಾನೆ ಮಿಷನ್ನಿನ ದುಂಡು ಬುಡದ ಸೂಜಿ ಕೊಟ್ಟರೆ ವಾಪಸ್ ಕೊಡಿ. ಸೂಜಿಯ ಒಂದು ಮೈಯಲ್ಲಿ ಉದ್ದಕ್ಕೆ ಗೀರು ಇರುತ್ತದೆ. ದಾರ ಪೋಣಿಸಬೇಕಾದದ್ದು ಗೀರಿನ ಕಡೆಯಿಂದ. 15ರಲ್ಲಿ ಒಂದು ದಿಕ್ಕು, 66ರಲ್ಲಿ ಇನ್ನೊಂದು ದಿಕ್ಕು, ಆದರೆ ಈ ನಿಯಮ ಎಲ್ಲಕ್ಕೂ ಒಂದೇ. ಹೊಲಿಗೆ ಬೀಳುತ್ತಲೇ ಇಲ್ಲ ಅನ್ನುವ ದೂರುಗಳಲ್ಲಿ ಹೆಚ್ಚಿನವು ಸೂಜಿ ತಿರುವುಮುರುವು ಹಾಕಿದ್ದಕ್ಕೇ.

ಮೇಲೆ ಕೆಂಪು ದಾರ, ಕೆಳಗೆ ಬಿಳಿ ದಾರ ಹಾಕಿ, ಹಳೇ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಹೊಲಿಯಿರಿ. ಮೇಲ್ಗಡೆ ಬಿಳಿ ಚುಕ್ಕೆ ಕಂಡರೆ ಮೇಲಿನ ಬಿಗಿ ಜಾಸ್ತಿ, ಕೆಳಗಡೆ ಕೆಂಪು ಕಂಡರೆ ಕಡಿಮೆ. ಮೇಲಿನ ದಾರವನ್ನು ಬಿಗಿಹಿಡಿಯುವ ಪುಟ್ಟ ತಟ್ಟೆಗಳ ನಡುವೆ ಹಳೇ ದಾರದ ಚೂರು ಕೂತಿದ್ದರೆ ಅದರ ತಿರುಪನ್ನು ಎಷ್ಟು ತಿರುಗಿಸಿದರೂ ಸರಿಯಾಗದು, ಅದನ್ನು ಮೊದಲು ತೆಗೆಯಿರಿ. 27, 28ರಲ್ಲಿ ಹಿಂದಕ್ಕೆ ಹೊಲಿಯುವ ವ್ಯವಸ್ಥೆ ಇಲ್ಲ. ಕೊನೆಯಲ್ಲಿ ಬಟ್ಟೆ ತಿರುಗಿಸಿ ಹೊಲಿಯಿರಿ, ಇಲ್ಲವೇ ಗಂಟು ಹಾಕಿ.

ಬಲಗೈ ಹಿಡಿಯಲ್ಲಿ, ಬಟ್ಟೆ ನಡೆಸಲು ಎಡಗೈ ಒಂದೇ. ಶುರುವಿನಲ್ಲಿ ಗೆರೆ ಸೊಟ್ಟಗಾಗುತ್ತದೆ. ದಿಂಬಿನ ಗವಸಿನಿಂದ ಆರಂಭಿಸಿ. ಒಂದೊಂದೇ ಹೊಲಿಗೆ ಇಡಬಹುದಾದ್ದರಿಂದ ರವಿಕೆಯ ಕೊರಳಿನ ತಿರುವಿಗೆ ಇದಕ್ಕಿಂತ ಒಳ್ಳೆಯ ಮಿಷನ್ ನನಗೆ ಗೊತ್ತಿಲ್ಲ. ಯಂತ್ರಗಳ ಬಗ್ಗೆ ಅಷ್ಟು ಎಚ್ಚರ ಇದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ನಿಜಕ್ಕೂ ಉಪಯೋಗಕ್ಕೆ ಬರುವ ಕೆಲವೇ ಆವಿಷ್ಕಾರಗಳ ಸಾಲಿಗೆ ಸೇರಿಸಿದ್ದರು. ಹಿಡಿ ತಿರುಗಿಸಿ ನೋಡಿದವರಿಗೆ ಅದರ ಕಾರಣ ಬೇಗ ತಿಳಿಯುತ್ತದೆ.

ಮಳೆಗಾಲ ಮತ್ತು ಜಾಗ

ಜೂನ್ ಶುರುವಾಗುವ ಮುಂಚೆ ಬಿಳಿ ಲೋಹಕ್ಕೆಲ್ಲ ಎಣ್ಣೆಯ ತೆಳು ಪದರ ಹಚ್ಚಿ. ಪ್ಲಾಸ್ಟಿಕ್ ಚೀಲ ಸುತ್ತಬೇಡಿ, ಒಳಗಿನ ತೇವ ಅಲ್ಲೇ ನಿಂತು ತುಕ್ಕು ಹಿಡಿಸುತ್ತದೆ. ಹತ್ತಿ ಬಟ್ಟೆ ಹೊದಿಸಿ, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹೊರಗೋಡೆಗೆ ತಾಗಿಸಿ ಇಡಬಾರದು. ಮರದ ತಳದಲ್ಲಿ ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಇನ್ನೂ ಜೀವಂತ ಇದೆ. ಅದನ್ನು ಬೇರೆ ಮಿಷನ್‌ಗಳಿಂದ ದೂರ ಇಟ್ಟು ಮದ್ದು ಹಾಕಿಸಿ. ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ ಬಳಕೆ. ವಾರಕ್ಕೊಮ್ಮೆ ಹಿಡಿ ತಿರುಗಿಸಿದ ಮಿಷನ್ ಜಾಮ್ ಆಗುವುದಿಲ್ಲ.

ಒಂದು ರೂಮು ಅಡುಗೆಮನೆಯ ಫ್ಲ್ಯಾಟಿನಲ್ಲಿ ನಾಲ್ಕೈದು ಮಿಷನ್ ಸಾಕು. ಒಂದೊಂದು ಜಾತಿಯದ್ದು ಒಂದೊಂದು. ಅದೇ ಮಾಡೆಲ್ ಮತ್ತೆ ಸಿಕ್ಕಿದರೆ ಯಾವುದು ಚೆನ್ನಾಗಿ ಹೊಲಿಯುತ್ತದೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ಹೊಲಿಯುವವರಿಗೆ ಕೊಡಿ.

ವದಂತಿ ಮತ್ತು ಕಾನೂನು

ಹಳೇ ಸಿಂಗರಿನ ಸೂಜಿಯಲ್ಲಿ 'ಕೆಂಪು ಪಾದರಸ' ಇದೆ, ಮೊಬೈಲ್ ಹತ್ತಿರ ಹಿಡಿದರೆ ಲೈನ್ ಕಟ್ ಆಗುತ್ತದೆ ಅಂತ 2009ರಲ್ಲಿ ಸೌದಿಯಲ್ಲಿ ವದಂತಿ ಹಬ್ಬಿ ಮಿಷನ್‌ಗಳ ಬೆಲೆ ಆಕಾಶಕ್ಕೆ ಏರಿತ್ತು. ಶುದ್ಧ ಸುಳ್ಳು. ಗಲ್ಫಿನಲ್ಲಿ ನಮ್ಮೂರಿನ ಜನ ಬಹಳ ಇರುವುದರಿಂದ ಇಂಥ ಮಾತು ನಿಮ್ಮ ಫೋನಿಗೂ ಬರಬಹುದು. ಲಕ್ಷಗಟ್ಟಲೆ ಕೊಡುತ್ತೇನೆ, ಮೊದಲು ಅಡ್ವಾನ್ಸ್ ಕಳಿಸಿ ಅನ್ನುವವರಿಗೆ ಉತ್ತರವನ್ನೇ ಕೊಡಬೇಡಿ.

ವಿದೇಶದಲ್ಲಿರುವ ಮಗಳಿಗೋ ತಮ್ಮನಿಗೋ ಕಳಿಸುವ ಯೋಚನೆ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ನೆನಪಿರಲಿ. ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವ ಇರುವ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ನಿಮ್ಮ ಮಿಷನ್ ಆ ಸಾಲಿಗೆ ಸೇರುವುದಿಲ್ಲ ಅನ್ನುವ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಸೀರಿಯಲ್ ನಂಬರಿನ ಫೋಟೋ ಮತ್ತು ಪಟ್ಟಿಯಲ್ಲಿ ಕಂಡ ತಾರೀಕು ಅರ್ಜಿಯ ಜೊತೆ ಇರಲಿ. ಪತ್ರ ಕೈಗೆ ಬಂದ ಮೇಲೆ ಪ್ಯಾಕಿಂಗ್ ಶುರು ಮಾಡಿ.